ಬದುವಿನಿಂದ ಬದುವಿಗೆ ಕಟ್ಟಿದ ದಾರ

ಪ್ರತಿ ವರ್ಷ ಬಿ.ಎ. ವಿದ್ಯಾರ್ಥಿಗಳಿಗೆ ಅಸಮಾನತೆಯ ಪಾಠ ಶುರು ಮಾಡುವಾಗ ನಾನು ಕಂಪ್ಲಿಯ ಒಂದು ಗದ್ದೆಯ ಕಥೆ ಹೇಳುತ್ತೇನೆ. ಹತ್ತು ಜನ ಹೆಂಗಸರು ಭತ್ತದ ನಾಟಿ ಮಾಡುತ್ತಿರುತ್ತಾರೆ. ಅವರಲ್ಲಿ ಒಬ್ಬಾಕೆಗೆ ವಯಸ್ಸಾಗಿದೆ, ಕೈ ನಿಧಾನ. ಅದು ಗದ್ದೆಯ ಯಜಮಾನನ ಕಣ್ಣಿಗೆ ಬಿದ್ದು, ನಾಳೆಯಿಂದ ಈಕೆ ಬೇಡ ಅನ್ನುತ್ತಾನೆ. ಆಗ ಅಲ್ಲಿ ಸಂಶೋಧನೆಗೆ ಹೋಗಿದ್ದ ಯುವಕನೊಬ್ಬ ತಾನು ಕಟ್ಟಿದ್ದ ಅಳತೆಯ ದಾರವನ್ನು ತಾನೇ ಬಿಚ್ಚಿಹಾಕಿ, ಎಲ್ಲರ ಕೆಲಸವೂ ಸಮ ಎಂದು ಹೇಳಿ, ಆಕೆಯ ಜಾಗ ಉಳಿಸುತ್ತಾನೆ. ಆ ಯುವಕ ನಾನು.

ಕಥೆ ಚೆನ್ನಾಗಿದೆ. ಹಿಂದಿನ ಬೆಂಚಿನವರೂ ಫೋನು ಕೆಳಗಿಟ್ಟು ಕೇಳುತ್ತಾರೆ. ಕಥೆಯಲ್ಲಿ ನಾನೂ ಚೆನ್ನಾಗಿದ್ದೇನೆ. ಸ್ವಲ್ಪ ಹೆಚ್ಚೇ ಚೆನ್ನಾಗಿದ್ದೇನೆ. ಯಾವುದನ್ನೂ ಸುಲಭಕ್ಕೆ ನಂಬದವನೆಂದು ಸ್ಟಾಫ್ ರೂಮಿನಲ್ಲಿ ಹೆಸರು ಮಾಡಿರುವ ನನಗೆ ಇಷ್ಟು ವರ್ಷ ಇದೊಂದರ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ.

ಬಂದದ್ದು ಈ ಜೂನಿನಲ್ಲಿ. ಹೊಸಪೇಟೆಯ ನಮ್ಮ ಮನೆಯ ಹಾಲಿನಲ್ಲಿ ಫೋನನ್ನು ಪುಸ್ತಕಗಳ ಮೇಲೆ ಒರಗಿಸಿಟ್ಟು ವಿದ್ಯಾರ್ಥಿಗಳಿಗಾಗಿ ಪಾಠ ರೆಕಾರ್ಡ್ ಮಾಡುತ್ತಿದ್ದೆ. ಗೂಡ್ಸ್ ರೈಲು ಹೋದಾಗ ನಿಲ್ಲಿಸುವುದು, ಹೋದ ಮೇಲೆ ಮತ್ತೆ ಶುರು ಮಾಡುವುದು. ದಾರ ಬಿಚ್ಚುವ ಜಾಗಕ್ಕೆ ಬಂದಾಗ ಅಡುಗೆಮನೆಯಿಂದ ಹೆಂಡತಿ ನಕ್ಕಳು. ಆ ನಗು ರೆಕಾರ್ಡಿಂಗಿನಲ್ಲಿ ಈಗಲೂ ಇದೆ.

"ಯಾಕ ನಗಾಕತ್ತಿ?" ಎಂದೆ.

"ದಾರ ನೀವು ಬಿಚ್ಚಿದ್ರಾ?"

"ಮತ್ತ್ಯಾರು?"

"ಹೇಳ್ರಿ, ಹೇಳ್ರಿ. ಮಕ್ಕಳಿಗೆ ಹೇಳಾಕ ಛಲೋ ಐತಿ," ಎಂದು ಹೀರೇಕಾಯಿ ಹೆಚ್ಚುತ್ತಾ ಹೋದಳು.

ಆಕೆ ಸುಮ್ಮನೆ ನಗುವವಳಲ್ಲ. ಅಲ್ಲದೆ ಆ ದಿನ ಆ ಗದ್ದೆಯ ಬದುವಿನ ಮೇಲೆ ಆಕೆಯೂ ಇದ್ದಳು. ಆಗ ನಾವು ಗಂಡ ಹೆಂಡತಿ ಅಲ್ಲ. ಒಂದೇ ಸಂಶೋಧನಾ ತಂಡದಲ್ಲಿ ಫಾರ್ಮು ತುಂಬಿಸಿಕೊಂಡು ಬರುವ ಇಬ್ಬರು ನೌಕರರು.

ನಾನು ಎಂ.ಎ. ಅರ್ಥಶಾಸ್ತ್ರ ಮುಗಿಸಿ, ಯಾವ ಕಾಲೇಜೂ ಕರೆಯದೆ ಇದ್ದ ಕಾಲ ಅದು. ಹೊರಗಿನ ಒಂದು ವಿಶ್ವವಿದ್ಯಾಲಯದವರು ಹೊಸಪೇಟೆ ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲೊಂದು ಕೋಣೆ ಬಾಡಿಗೆಗೆ ಹಿಡಿದು, ನಮ್ಮಂಥ ನಾಲ್ಕಾರು ಜನರನ್ನು ಸೇರಿಸಿಕೊಂಡಿದ್ದರು. ಈಚಿನ ಅರ್ಥಶಾಸ್ತ್ರಕ್ಕೆ ಮನುಷ್ಯರ ನಡವಳಿಕೆಯ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟಿದೆಯಲ್ಲ, ಅದರದೇ ಒಂದು ಪ್ರಶ್ನೆ ಅವರದು. ಗುಂಪಾಗಿ ದುಡಿದು, ಬಂದದ್ದನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುವ ಕಡೆ ಜನ ಹೇಗೆ ನಡೆದುಕೊಳ್ಳುತ್ತಾರೆ? ಪುಸ್ತಕದ ಉತ್ತರ ನನಗೆ ಬಾಯಿಪಾಠವಾಗಿತ್ತು. ಸಮ ಹಂಚಿದರೆ ಮೈಗಳ್ಳತನ ಬರುತ್ತದೆ. ಚುರುಕಾದವರು ನಿಧಾನದವರನ್ನು ಹೊರಗೆ ಹಾಕುತ್ತಾರೆ. ಇಲ್ಲವೇ ಚುರುಕಾದವರೂ ನಿಧಾನವಾಗುತ್ತಾರೆ. ಇವುಗಳಲ್ಲಿ ಯಾವುದು ನಡೆಯುತ್ತದೆ ಎಂದು ನೋಡಿ ಬರೆದುಕೊಂಡು ಬರುವುದು ನಮ್ಮ ಕೆಲಸ.

ನಮ್ಮಿಬ್ಬರಿಗೆ ಕಂಪ್ಲಿ ಕಡೆ ಹಾಕಿದ್ದರು. ಆಕೆಯ ಊರು ಕಂಪ್ಲಿಯ ಪಕ್ಕದ್ದೇ. ಆಕೆಯ ತಾಯಿ ನಾಟಿಗೆ ಹೋಗುತ್ತಿದ್ದವರು, ಶಾಲೆಗೆ ರಜೆ ಇದ್ದಾಗ ಆಕೆಯೂ ಹೋದವಳು. ನಾನು ಸಂಡೂರಿನವನು. ಅಪ್ಪ ಅದಿರು ಲಾರಿಗಳನ್ನು ತೂಗುವ ಕಾಟಾದಲ್ಲಿ ಗುಮಾಸ್ತ. ಲಾರಿ ಹತ್ತಿತು, ತೂಕ ಬಂತು, ಚೀಟಿ ಹರಿದರು, ಮುಗಿಯಿತು. ಸಂಜೆ ಮನೆಗೆ ಬಂದು ಕೆಂಪು ಧೂಳಿನ ಅಂಗಿ ಕೊಡವುತ್ತಾ, "ಮಂದಿ ಏನಾರ ಹೇಳ್ಲಿ, ಕಾಟಾ ಸುಳ್ಳು ಹೇಳಂಗಿಲ್ಲ" ಅನ್ನುತ್ತಿದ್ದರು. ಮಳೆಗಾಲದಲ್ಲಿ ನೆಂದ ಅದಿರು ಹೆಚ್ಚು ತೂಗುತ್ತದೆ ಎನ್ನುವುದೂ ಅವರಿಗೆ ಗೊತ್ತಿತ್ತು. ಅದನ್ನು ಜೋರಾಗಿ ಹೇಳುತ್ತಿರಲಿಲ್ಲ ಅಷ್ಟೆ.

ನಾವು ನೋಡುತ್ತಿದ್ದ ಗುಂಪಿನಲ್ಲಿ ಹತ್ತು ಜನ. ಎಕರೆಗೆ ಇಷ್ಟೆಂದು ಗುತ್ತಿಗೆ ಮಾತಾಡಿ ಗುಂಪನ್ನು ಕರೆತರುತ್ತಿದ್ದವಳು ಗಟ್ಟಿ ದನಿಯ, ಅಗಲ ಹೆಗಲಿನ ಹೆಂಗಸು. ಅವಳನ್ನು ಎಲ್ಲರೂ ಮೇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಎಲ್ಲರಿಗಿಂತ ಹಿರಿಯಳು ಇನ್ನೊಬ್ಬಳು. ಅವಳು ಎಲ್ಲರಿಗೂ ದೊಡ್ಡವ್ವ. ಬೆನ್ನು ಬಾಗಿರಲಿಲ್ಲ, ಆದರೆ ಮೊಣಕಾಲು ಕೆಸರಿನಿಂದ ಮೇಲೆ ಬರುವಾಗ ಪ್ರತಿ ಸಲವೂ ಒಂದಿಷ್ಟು ಯೋಚನೆ ಮಾಡಿದಂತೆ ಕಾಣುತ್ತಿತ್ತು.

ಮೊದಲ ದಿನ ಎಲ್ಲರಿಗೂ ಏಣಿಯ ಪ್ರಶ್ನೆ ಕೇಳಬೇಕಿತ್ತು. ಫಾರ್ಮಿನಲ್ಲಿ ಹತ್ತು ಮೆಟ್ಟಿಲಿನ ಏಣಿಯ ಚಿತ್ರ. ಊರಿನಲ್ಲಿ ಎಲ್ಲರಿಗಿಂತ ಅನುಕೂಲವಾಗಿರುವವರು ಮೇಲಿನ ಮೆಟ್ಟಿಲಿನಲ್ಲಿ, ಕಷ್ಟದಲ್ಲಿರುವವರು ಕೆಳಗಿನದರಲ್ಲಿ; ನೀವು ಎಲ್ಲಿದ್ದೀರಿ, ತೋರಿಸಿ. ಜಗತ್ತಿನ ಎಷ್ಟೋ ಕಡೆ ಕೇಳುವ ಪ್ರಶ್ನೆ ಇದು. ಬಡವರೂ ಶ್ರೀಮಂತರೂ ಸಾಮಾನ್ಯವಾಗಿ ನಡುವಿನ ಮೆಟ್ಟಿಲನ್ನೇ ತೋರಿಸುತ್ತಾರೆ. ದೊಡ್ಡವ್ವ ಚಿತ್ರವನ್ನು ಹತ್ತಿರ ಹಿಡಿದು ನೋಡಿದಳು.

"ಏಣಿ ಯಾರ್ದು?"

"ಯಾರ್ದೂ ಅಲ್ಲಬೇ. ಹಂಗ ಒಂದು ಏಣಿ ಐತಿ ಅನ್ಕೊಳ್ರಿ."

"ಕೆಳಗ ಯಾರಾರ ಹಿಡ್ಕೊಂಡಾರೇನು?"

"ಅದು ಇದರಾಗ ಇಲ್ಲ."

"ಯಾರೂ ಹಿಡೀದ ಏಣಿ ನಾ ಹತ್ತಂಗಿಲ್ಲ ಯಪ್ಪಾ," ಎಂದು ಫಾರ್ಮು ವಾಪಸು ಕೊಟ್ಟಳು. ಉಳಿದವರೆಲ್ಲ ನಕ್ಕರು. ನಾನು ಆ ಸಾಲಿನಲ್ಲಿ 'ಉತ್ತರ ಇಲ್ಲ' ಎಂದು ಗುರುತು ಹಾಕಿದೆ. ಈ ಮಾತು ಆಡಿದ್ದು ಆಕೆಯೇ ಎಂದು ನನಗೆ ಖಚಿತ, ಹೆಂಡತಿಯೂ ಒಪ್ಪುತ್ತಾಳೆ. ಒಪ್ಪದೇ ಇರುವುದು ಮುಂದಿನದನ್ನು.

ನಾಟಿಯ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ನೀರು ನಿಲ್ಲಿಸಿ ಕೆಸರು ಮಾಡಿದ ಗದ್ದೆಯ ಒಂದು ಬದುವಿನ ಉದ್ದಕ್ಕೂ ಹೆಂಗಸರು ಸಾಲಾಗಿ ನಿಲ್ಲುತ್ತಾರೆ. ಬಗ್ಗಿ, ತಮ್ಮ ಮುಂದಿನ ಪಟ್ಟಿಯಲ್ಲಿ ಸಸಿ ನೆಡುತ್ತಾ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಎದುರಿನ ಬದು ಮುಟ್ಟುತ್ತಾರೆ. ಹಸಿರು ಎದುರಿಗೆ ಬೆಳೆಯುತ್ತಾ ಹೋಗುತ್ತದೆ. ಬೆನ್ನ ಹಿಂದೆ ಎಷ್ಟು ಉಳಿದಿದೆ ಎನ್ನುವುದು ನೆಡುವವಳಿಗೆ ಕಾಣುವುದಿಲ್ಲ. ಯಾರಾದರೂ ಹಿಂದೆ ಬಿದ್ದರೆ ಎರಡೂ ಪಕ್ಕದವರು ನೆಟ್ಟುಕೊಂಡು ದಾಟಿಹೋಗುತ್ತಾರೆ, ಅವಳು ಎರಡು ಹಸಿರು ಗೋಡೆಗಳ ನಡುವಿನ ನೀರಿನ ಓಣಿಯಲ್ಲಿ ಒಬ್ಬಳೇ ಉಳಿಯುತ್ತಾಳೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಾದರೆ ಬೇಕೆಂದೇ ಹಾಗೆ ಸಿಕ್ಕಿಸಿ, ಅವಳ ತವರುಮನೆಯನ್ನೆಲ್ಲ ಎಳೆದು ಹಾಡು ಕಟ್ಟಿ ಗೇಲಿ ಮಾಡುತ್ತಾರೆ. ಅದು ನಗುವಿನ ಮಾತು.

ಆದರೆ ನಾನು ನೋಡಿದ ಮೊದಲ ಮೂರು ದಿನ ಯಾರೂ ಹಿಂದೆ ಬೀಳಲಿಲ್ಲ. ಕೈಗಡಿಯಾರ ಹಿಡಿದು ಬದುವಿನ ಮೇಲೆ ನಿಂತಿದ್ದೆ. ಇಪ್ಪತ್ತರ ಹುಡುಗಿಯೂ ದೊಡ್ಡವ್ವನೂ ಒಂದೇ ಹೊತ್ತಿಗೆ ಎದುರಿನ ಬದು ಮುಟ್ಟಿದರು. ಸಾಲು ದಾರ ಹಿಡಿದಂತೆ ನೇರ. ನಾನು ಇದನ್ನು ನಂಬಲಿಲ್ಲ. ಹತ್ತು ಲಾರಿ ಒಂದೇ ತೂಕ ಬಂದರೆ ಅಪ್ಪ ಏನು ಮಾಡುತ್ತಿದ್ದರು? ಕಾಟಾ ಕೆಟ್ಟಿದೆ ಎನ್ನುತ್ತಿದ್ದರು. ನನ್ನ ಕಣ್ಣೂ ಹಾಗೇ ಎಲ್ಲೋ ಕೆಟ್ಟಿದೆ ಅನಿಸಿತು.

ಎಲ್ಲಿ ಎನ್ನುವುದು ನಾಲ್ಕನೆಯ ದಿನ ಹೊಳೆಯಿತು. ಪಟ್ಟಿಗಳ ಅಗಲ ಒಂದೇ ಇರಲಿಲ್ಲ. ದೊಡ್ಡವ್ವನ ಎಡಬಲದಲ್ಲಿದ್ದವರು ತಮ್ಮ ಪಟ್ಟಿಯ ಜೊತೆಗೆ ಆಕೆಯ ಪಟ್ಟಿಯ ಅಂಚಿನದೂ ಒಂದೆರಡು ಸಸಿ ನೆಟ್ಟುಬಿಡುತ್ತಿದ್ದರು. ತಲೆ ಎತ್ತದೆ, ಮಾತು ನಿಲ್ಲಿಸದೆ, ಕೈ ತಾನಾಗಿ ಅಷ್ಟು ದೂರ ಹೋಯಿತೇನೋ ಎನ್ನುವಂತೆ. ಆಕೆಯ ಪಾಲಿಗೆ ಉಳಿಯುತ್ತಿದ್ದದ್ದು ಕಿರಿದಾದ ಪಟ್ಟಿ. ಹಾಗಾಗಿ ಸಾಲು ನೇರ.

ಸರಿ, ಯಾರು ಎಷ್ಟು ನೆಡುತ್ತಾರೆ ಎಂದು ನಿಜವಾಗಿ ಅಳೆಯಬೇಕಾದರೆ ಪಟ್ಟಿಗಳನ್ನು ಸಮ ಮಾಡಬೇಕು. ಹೊಸಪೇಟೆಯ ಪೇಟೆಯಲ್ಲಿ ನೈಲಾನ್ ದಾರದ ಉಂಡೆ ಕೊಂಡೆ. ಮರುದಿನ ಗದ್ದೆಯ ಈ ಬದುವಿನಿಂದ ಆ ಬದುವಿಗೆ ಗೂಟ ನೆಟ್ಟು, ಸಮ ಅಂತರದಲ್ಲಿ ದಾರ ಎಳೆದು ಕಟ್ಟಿದೆ. ಬಸ್ಸಿನಲ್ಲಿ ಕಮಲಾಪುರ ದಾಟುವಾಗ ತಾನು "ದಾರ ಕಟ್ಟಬ್ಯಾಡ್ರಿ, ಅದು ಸರಿ ಆಗಂಗಿಲ್ಲ" ಎಂದಿದ್ದೆ ಎಂದು ಹೆಂಡತಿ ಹೇಳುತ್ತಾಳೆ. ನನಗೆ ನೆನಪಿಲ್ಲ. ಹಂಪಿಗೆ ಹೋಗುವವರ ಬ್ಯಾಗುಗಳು ಕಾಲಿಗೆ ತಾಗುತ್ತಿದ್ದದ್ದು, ಕಿಟಕಿಯಾಚೆ ಬಾಳೆತೋಟ, ತೊಡೆಯ ಮೇಲಿನ ದಾರದ ಉಂಡೆ, ಇದೆಲ್ಲ ನೆನಪಿದೆ. ಬೇಡ ಎಂದದ್ದು ಮಾತ್ರ ಇಲ್ಲ. ಬೇಡವಾದ ಮಾತನ್ನು ಕಿವಿಯೇ ಕೇಳಿಸಿಕೊಳ್ಳುವುದಿಲ್ಲವೋ, ಕೇಳಿಸಿಕೊಂಡು ಆಮೇಲೆ ಕಳೆಯುತ್ತದೆಯೋ, ಗೊತ್ತಿಲ್ಲ.

"ಇದೇನ್ರಿ ಸರ, ಕೆನಾಲಿನವರಂಗ ಅಳತಿ ಹಾಕೀರಿ?" ಎಂದಳು ಮೇಸ್ತ್ರಿ ಅಕ್ಕ.

"ಇವತ್ತು ನಾಳೆ ಎರಡ ದಿನ, ಅಕ್ಕಾ. ಯಾರೂ ದಾರ ದಾಟಬ್ಯಾಡ್ರಿ. ನಿಮ್ಮ ನಿಮ್ಮ ದಾರದಾಗ ನೀವು ನೀವು ಹಚ್ಚಿದ್ರ ಸಾಕು."

ಅವಳು ದೊಡ್ಡವ್ವನ ಕಡೆ ನೋಡಿದಳು. ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. "ಹುಡುಗ ಕೇಳಾಕತ್ತಾನ, ಆಗ್ಲಿ ಬಿಡು" ಎಂದಳು. ಅವರು ಒಪ್ಪಿದ್ದು ವಿಜ್ಞಾನಕ್ಕಾಗಿ ಅಲ್ಲ. ದಿನವೂ ಬಿಸಿಲಿನಲ್ಲಿ ನಿಲ್ಲುತ್ತಿದ್ದ ನನ್ನ ಮೇಲಿನ ಕನಿಕರಕ್ಕೆ.

ಅರ್ಧ ಗದ್ದೆ ಮುಗಿಯುವ ಹೊತ್ತಿಗೆ ಮಾತು ನಿಂತಿತು. ದೊಡ್ಡವ್ವ ಹಿಂದೆ ಉಳಿದಿದ್ದಳು. ಪಕ್ಕದವಳ ಕೈ ಒಮ್ಮೆ ದಾರದವರೆಗೆ ಬಂದು ಹಿಂದಕ್ಕೆ ಹೋಯಿತು. ಒಂಬತ್ತು ಜನ ಎದುರಿನ ಬದು ಮುಟ್ಟಿ, ನೇರವಾಗಿ ನಿಂತು, ಕೈ ತೊಳೆದುಕೊಂಡರು. ಗದ್ದೆಯ ನಡುವೆ ಒಂದು ನೀರಿನ ಓಣಿ. ಅದರೊಳಗೆ ಆಕೆ ಬಗ್ಗಿಕೊಂಡು, ನಮ್ಮ ಕಡೆ ಬೆನ್ನು ಮಾಡಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಬರುತ್ತಿದ್ದಳು. ಎಷ್ಟು ಉಳಿದಿದೆ ಎಂದು ಆಕೆಗೆ ಕಾಣುತ್ತಿರಲಿಲ್ಲ. ನಮಗೆ ಕಾಣುತ್ತಿತ್ತು. ಯಾರೂ ಹಾಡಲಿಲ್ಲ.

ಆ ಹೊತ್ತಿಗೇ ಯಜಮಾನ ಬೈಕಿನಲ್ಲಿ ಬಂದ. ಕೆಟ್ಟವನಲ್ಲ. ಕಾಲುವೆಯ ನೀರು ತನ್ನ ಸರದಿಯಲ್ಲಿ ಇನ್ನೆಷ್ಟು ದಿನ ಬರುತ್ತದೋ ಎನ್ನುವ ಚಿಂತೆ. ಸಸಿಮಡಿಯಲ್ಲಿ ಸಸಿ ನಾಟಿಯ ಹದ ಮೀರಿ ಬಲಿಯುತ್ತಿತ್ತು. ಬೈಕಿನ ಮೇಲೆ ಕೂತೇ ನೋಡಿದ.

"ಮೇಸ್ತ್ರಿ, ಏನಿದು? ಹಿಂಗಾದ್ರ ನಂದು ದಸರಾಕ್ಕ ಮುಗಿತೈತೇನು? ನಾಳಿಂದ ಆ ಮುದುಕಿ ಬ್ಯಾಡ. ಬ್ಯಾರೆ ಯಾರನ್ನಾರ ಕರ್ಕೊಂಡು ಬಾ."

"ನಾವು ಹತ್ತು ಮಂದಿ ಕೂಡೇ ಬರೋದ್ರಿ, ಸಾವ್ಕಾರ್ರ."

"ಹತ್ತು ಮಂದಿ ಬರ್ರಿ, ಆಕಿ ಬ್ಯಾಡ ಅಂದೆ."

ಆಮೇಲೆ ಅವನು ನನ್ನ ಕಡೆ ತಿರುಗಿದ. "ನೀವು ಅಳತಿ ಹಾಕೀರಲ್ಲ ಸರ, ನೀವೇ ಹೇಳ್ರಿ. ಆಕಿ ಎಷ್ಟು ಹಚ್ಯಾಳ? ಬಾಕಿಯವರ ಅರ್ಧ ಆದ್ರೂ ಆಗೇತೇನು?"

ಗುಂಪಿನಿಂದ ಹೊರಗಾದ ಒಬ್ಬಳು ಹೆಂಗಸನ್ನು ಇನ್ನೊಂದು ಗುಂಪು ಸೇರಿಸಿಕೊಳ್ಳುವುದಿಲ್ಲ. ಒಂದು ಗದ್ದೆಯಿಂದ ಬೇಡವಾದರೆ ಆ ಹಂಗಾಮಿಗೆ ಬೇಡವಾದಂತೆ. ಆ ವಯಸ್ಸಿನಲ್ಲಿ ಆ ಹಂಗಾಮಿಗೆ ಅಂದರೆ ಮುಂದಕ್ಕೂ ಅಂತಲೇ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು, ನನಗೂ. ದೊಡ್ಡವ್ವ ಇನ್ನೂ ಓಣಿಯೊಳಗೇ ಇದ್ದಳು, ಎಲ್ಲವೂ ಕೇಳುವಷ್ಟು ಹತ್ತಿರ.

ನನ್ನ ಕಥೆಯಲ್ಲಿ ನಾನು ಇಲ್ಲಿ ಹೇಳುವ ಮಾತು: "ಎಲ್ಲಾರದೂ ಸಮಾ ಐತ್ರಿ. ದಾರದಿಂದ ತೊಂದರಿ ಆಗೇತಿ." ಹೇಳಿ ಗೂಟದ ಬಳಿ ಹೋಗಿ ದಾರ ಬಿಚ್ಚುತ್ತೇನೆ.

ಹೀರೇಕಾಯಿ ಹೆಚ್ಚಿದ ಆ ಸಂಜೆ ಊಟ ಮಾಡುತ್ತಾ ಹೆಂಡತಿ ಹೇಳಿದ್ದು ಬೇರೆ. "ನೀವು ನೋಟ್‌ಬುಕ್ ನೋಡಿದ್ರಿ. ಆಮ್ಯಾಲ 'ನೋಡಿ ಹೇಳ್ತೀನಿ' ಅಂದ್ರಿ."

"ಅಷ್ಟ?"

"ಅಷ್ಟ. ಆಮ್ಯಾಲ ಬಸ್ಸಿಗಿ ಹೊತ್ತಾತು ಅಂತ ಹೋದ್ರಿ."

ನಾನು ವಾದಕ್ಕೆ ಇಳಿದೆ. ನೆನಪೆನ್ನುವುದು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ. ತೆಗೆದು ನೋಡಿದಾಗಲೆಲ್ಲ ಹೊಸದಾಗಿ ಬರೆಯುವ ಚಿತ್ರ. ಅದು ನನ್ನದಕ್ಕೆ ಅನ್ವಯಿಸುವಷ್ಟೇ ನಿನ್ನದಕ್ಕೂ ಅನ್ವಯಿಸುತ್ತದೆ ಎಂದೆ. ಅವಳು ಒಪ್ಪಿದಳು. ಒಪ್ಪಿ ಮಜ್ಜಿಗೆ ಬಡಿಸಿ, "ನಿಮ್ಮ ಆಗಿನ ನೋಟ್‌ಬುಕ್ ಅಟ್ಟದ ಮ್ಯಾಲ ಐತಿ" ಎಂದಳು.

ಭಾನುವಾರ ಅಟ್ಟ ಹತ್ತಿದೆ. ಹಳೆಯ ಕೂಲರಿನ ಹಿಂದೆ, ಅಪ್ಪನ ಕಾಟಾ ಚೀಟಿಗಳ ಕಟ್ಟಿನ ಕೆಳಗೆ ಸಿಕ್ಕಿತು. ನನ್ನದೇ ಅಕ್ಷರ. 'ದಾರ ಸರಿ ನಿಂತಿದೆ. ಏಳನೇ ಪಟ್ಟಿ ಬಹಳ ಹಿಂದೆ. ಯಜಮಾನರು ಕೇಳಿದರು. ನೋಡಿ ಹೇಳುತ್ತೇನೆ ಎಂದೆ. ಬಸ್ಸಿಗೆ ಹೊರಟೆ.' ಅದರ ಕೆಳಗೆ ಮರುದಿನದ ಬರಹ, ಇನ್ನೂ ಚಿಕ್ಕದು: 'ದಾರ ಇಲ್ಲ. ಎಮ್ಮೆ.'

ಎಮ್ಮೆಯ ವಿಷಯ ಆಗ ನೆನಪಾಯಿತು. ಆ ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಆ ದಿನಕ್ಕೆಂದು ಪಕ್ಕದ ಗದ್ದೆಗೆ ಮೊದಲೇ ಕಟ್ಟಿಟ್ಟಿದ್ದ ದಾರವೂ ಇರಲಿಲ್ಲ, ಗೂಟವೂ ಇರಲಿಲ್ಲ. ಹತ್ತು ಜನ ಆಗಲೇ ಕೆಸರಿನಲ್ಲಿದ್ದರು. ಅವರಲ್ಲಿ ದೊಡ್ಡವ್ವನೂ ಇದ್ದಳು, ಸಾಲಿನ ನಟ್ಟನಡುವೆ. ಎಡಕ್ಕೆ ಮೇಸ್ತ್ರಿ ಅಕ್ಕ, ಬಲಕ್ಕೆ ಎಲ್ಲರಿಗಿಂತ ಚುರುಕಿನ ಹುಡುಗಿ.

"ದಾರ ಎಲ್ಲಿ?" ಎಂದಿದ್ದೆ.

"ಎಮ್ಮಿ ಬಂದಿದ್ವು ಸರ, ಎಲ್ಲಾ ಎಳ್ಕೊಂಡು ಹೋಗ್ಯಾವ," ಎಂದಳು ಮೇಸ್ತ್ರಿ ಅಕ್ಕ, ತಲೆ ಎತ್ತದೆ. "ಎಮ್ಮೀಗಿ ನಿಮ್ಮ ಓದು ತಿಳೀತೈತೇನು?"

ಸ್ವಲ್ಪ ಹೊತ್ತಿಗೆ ಯಜಮಾನನೂ ಬಂದ. ಸಾಲು ಬದು ಮುಟ್ಟುವವರೆಗೆ ನಿಂತು ನೋಡಿದ. ಸಾಲು ನೇರವಾಗಿತ್ತು.

"ನಿನ್ನೆ ಆಕಿ ಹಿಂದ ಬಿದ್ದಿದ್ಲಲ್ಲ?"

"ನಿನ್ನೆ ದಾರ ಕಾಲಿಗೆ ಸುತ್ತಿತ್ರಿ ಆಕಿಗೆ. ಸರ್ರಿಗೆ ಗೊತ್ತೈತಿ, ಕೇಳ್ರಿ."

ಅವನು ನನ್ನನ್ನು ನೋಡಿದ. ನಾನು ತಲೆ ಆಡಿಸಿದೆ. ತಲೆ ಆಡಿಸಿದ್ದು ನಿಜವೆಂದು ಹೆಂಡತಿಯೂ ಹೇಳುತ್ತಾಳೆ, "ಹೌದಂತನೋ ಇಲ್ಲಂತನೋ, ಆ ಸಾವ್ಕಾರ್ರಿಗೂ ತಿಳೀಲಿಲ್ಲ" ಎಂದು ಸೇರಿಸುತ್ತಾಳೆ. ಅವನು ಬೈಕ್ ತಿರುಗಿಸಿಕೊಂಡು ಹೋದ. ನೀರಿನ ಚಿಂತೆಯಿದ್ದವನಿಗೆ ನೇರವಾದ ಸಾಲು ಸಾಕಾಗಿತ್ತು.

ಒಳ್ಳೆಯದನ್ನು ಮಾಡದೆ ಹೋದವರು ಆಮೇಲೆ ಮಾಡಿದೆವೆಂದೇ ನೆನಪಿಟ್ಟುಕೊಳ್ಳುತ್ತಾರೆ. ಅದರಲ್ಲೂ ತಮ್ಮನ್ನು ಸಭ್ಯರೆಂದು ತಿಳಿದವರು ಹೆಚ್ಚು. ಈಚಿನ ವರ್ಷಗಳಲ್ಲಿ ನಡವಳಿಕೆಯ ಸಂಶೋಧಕರು ಇಂಥದ್ದನ್ನು ಬರೆಯುತ್ತಿದ್ದಾರೆ. ಓದುವಾಗ ನಾನು ಅಂಚಿನಲ್ಲಿ ಗೆರೆ ಎಳೆದಿದ್ದೆ, ಬೇರೆಯವರ ಬಗ್ಗೆ ಎಂದುಕೊಂಡು. ಅಟ್ಟದ ಮೇಲೆ ಕೂತು ನೋಟ್‌ಬುಕ್ ಹಿಡಿದಾಗ ಬೇಸರವಾಗಬೇಕಿತ್ತು. ಆದದ್ದು ನಗು. ಯಾಕೆಂದರೆ ದೊಡ್ಡವ್ವನ ಜಾಗ ಉಳಿದಿತ್ತು, ಮತ್ತು ಅದಕ್ಕೆ ನನ್ನ ಅಗತ್ಯ ಇರಲಿಲ್ಲ. ಹಾಗಿರುವ ಲೋಕ, ನಾನು ಹೋಗಿ ಕಾಪಾಡಬೇಕಾದ ಲೋಕಕ್ಕಿಂತ ಎಷ್ಟೋ ವಾಸಿ.

ಕೆಳಗಿಳಿದು ಹೆಂಡತಿಗೆ ನೋಟ್‌ಬುಕ್ ತೋರಿಸಿದೆ. 'ಎಮ್ಮೆ' ಎನ್ನುವುದನ್ನು ಓದಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಎಮ್ಮಿ ಅಲ್ಲ, ನಾವು. ಆವತ್ತು ರಾತ್ರಿ ನಾ ನಮ್ಮೂರಾಗ ಉಳಿದಿದ್ದೆ. ನೀವು ಬಸ್ಸಿಗಿ ಹೋದ ಮ್ಯಾಲ ಮೇಸ್ತ್ರಿ ಅಕ್ಕ ಗೂಟ ಕಿತ್ತಿದ್ಲು, ನಾ ದಾರ ಸುತ್ತಿದ್ದೆ. ಕೆನಾಲಿನ ದಂಡೀಮ್ಯಾಲ ಹುಲ್ಲಿನ ಹೊರಿ ಕಟ್ಟಾಕ ಬೇಕಂತ ಆಕಿಗೇ ಕೊಟ್ಟೆ."

"ಇಷ್ಟು ವರ್ಷ ಹೇಳ್ಲಿಲ್ಲ?"

"ಮೊದಲು ಹೇಳಿದ್ರ ಕೆಲಸ ಹೋಗ್ತಿತ್ತು. ಮದುವಿ ಆದ ಮ್ಯಾಲ, ನೀವು ಬಿಚ್ಚಿದ್ದು ಅಂತ ಭಾಳ ಖುಷಿಲೇ ಹೇಳ್ತಿದ್ರಿ. ಇರ್ಲಿ ಅಂತ ಬಿಟ್ಟೆ."

ಫಾರ್ಮು ತುಂಬುವ ಕೆಲಸದವಳು ತಾನು ನೋಡಬೇಕಾದದ್ದರೊಳಗೇ ಕೈ ಹಾಕುವುದು ಸಂಶೋಧನೆಯಲ್ಲಿ ದೊಡ್ಡ ತಪ್ಪು. ನಾನು ಹಾಗೆಂದು ಹೇಳಿದೆ. "ಹೌದು" ಎಂದಳು, ಕಾಫಿ ಸೋಸುತ್ತಾ.

ನನ್ನ ಚಾಳಿ ಬಿಡಬೇಕಲ್ಲ. ಎರಡು ಸಾಕ್ಷಿ ಒಂದೇ ಮನೆಯವು. ಮೂರನೆಯದು ಬೇಕು ಎನಿಸಿತು. ಆಗಸ್ಟಿನಲ್ಲಿ, ಕಾಲುವೆಗೆ ನೀರು ಬಿಟ್ಟು ನಾಟಿ ಜೋರಾದ ಮೇಲೆ, ಒಂದು ರಜೆಯ ದಿನ ಇಬ್ಬರೂ ಬೈಕಿನಲ್ಲಿ ಕಂಪ್ಲಿಗೆ ಹೋದೆವು. ಮನಸ್ಸಿನಲ್ಲಿ ಹೇಳಿಕೊಳ್ಳದ ಇನ್ನೊಂದು ಪ್ರಶ್ನೆಯಿತ್ತು: ದೊಡ್ಡವ್ವ ಇನ್ನೂ ಸಾಲಿನಲ್ಲಿ ಇದ್ದಾಳೆಯೇ? ರಸ್ತೆಯ ಒಂದು ಕಡೆ ನಾಟಿಯ ಯಂತ್ರವೊಂದು ಆರಾರು ಸಾಲು ನೆಡುತ್ತಾ ಹೋಗುತ್ತಿತ್ತು. ಅದರ ಮೇಲೆ ಕೂತವನು ಫೋನಿನಲ್ಲಿ ಮಾತಾಡುತ್ತಿದ್ದ. ಅದನ್ನು ನೋಡಿ ನನಗೆ ಧೈರ್ಯ ಕಡಿಮೆಯಾಯಿತು.

ಯಂತ್ರ ತಿರುಗಲಾಗದ ಸಣ್ಣ ಗದ್ದೆಗಳ ಕಡೆ ಗುಂಪು ಸಿಕ್ಕಿತು. ಊಟದ ಹೊತ್ತು. ಜಾಲಿಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದರು. ನಡುವೆ, ಕಾಲು ಚಾಚಿಕೊಂಡು, ದೊಡ್ಡವ್ವ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಓಹೋ, ದಾರದ ಸರ ಬಂದ್ರು!" ಎಂದು ಮೇಸ್ತ್ರಿ ಅಕ್ಕ ಕೂಗಿದಳು. "ಕುಂದ್ರಿ, ಕುಂದ್ರಿ. ಈ ಸಲ ಏನು ತಂದೀರಿ, ಸರಪಳಿ?"

"ಏನೂ ಇಲ್ಲಕ್ಕಾ. ಮಾತಾಡ್ಸಾಕ ಬಂದೀವಿ."

"ಲೇ ಹುಡುಗಿ, ಇವರನ್ನ ಕಟ್ಕೊಂಡೇನ? ಬ್ಯಾರೆ ಯಾರೂ ಸಿಗ್ಲಿಲ್ಲೇನು?" ಎಂದು ನನ್ನ ಹೆಂಡತಿಯ ಬೆನ್ನ ಮೇಲೊಂದು ಹೊಡೆದಳು. ರೊಟ್ಟಿ, ಶೇಂಗಾ ಚಟ್ನಿ ನಮ್ಮ ಕೈಗೂ ಬಂತು. ನಾನು ನಿಧಾನಕ್ಕೆ ವಿಷಯಕ್ಕೆ ಬಂದೆ.

"ದೊಡ್ಡವ್ವ, ಆವತ್ತು ದಾರ ಕಟ್ಟಿದ ದಿನ, ನೀವು ಹಿಂದ ಬಿದ್ದಾಗ—"

"ಯಾರು ಹಿಂದ ಬಿದ್ದಿದ್ದು?"

"ನೀವು."

ಅವಳು ರೊಟ್ಟಿ ಕೆಳಗಿಟ್ಟಳು. "ನಾನು ಗದ್ದಿಗಿ ಇಳಿದು ಎಷ್ಟು ವರ್ಷ ಆತೋ ಏನೋ, ನನಗ ಲೆಕ್ಕ ಇಲ್ಲ. ಒಂದು ದಿನ ಹಿಂದ ಬಿದ್ದಾಕಿ ಅಲ್ಲ. ಬೇಕಾದ್ರ ಇವರನ್ನ ಕೇಳು."

ನಾನು ಅವರನ್ನು ನೋಡಿದೆ.

"ಇಲ್ರಿ ಸರ," ಎಂದಳು ಒಬ್ಬಳು.

"ಎಂದೂ ಇಲ್ಲ," ಇನ್ನೊಬ್ಬಳು.

"ಆಕೀನ ಹಿಡಿಯಾಕ ನಮಗೇ ಆಗಂಗಿಲ್ಲ," ಎಂದಳು ಮೇಸ್ತ್ರಿ ಅಕ್ಕ, ನೀರಿನ ಬಾಟಲಿ ಎತ್ತಿ ಕುಡಿಯುತ್ತಾ. ಒಬ್ಬರ ಮುಖದಲ್ಲೂ ನಗು ಇರಲಿಲ್ಲ.

ನಿಜವಾಗಿಯೂ ಆಕೆ ಮರೆತಿದ್ದಾಳೋ, ಮರೆತಂತೆ ಇರುವುದೇ ಅಲ್ಲಿನ ರೀತಿಯೋ, ನಾನು ತೀರ್ಮಾನಿಸಲಾರೆ. ಮೂರನೆಯ ಸಾಕ್ಷಿಯಿಂದ ವಿಷಯ ಇನ್ನಷ್ಟು ಮಸುಕಾಯಿತು, ಅಷ್ಟೆ. ಆದರೆ ನಾನು ಕೇಳದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಕಾಲು ಚಾಚಿ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.

ಊಟ ಮುಗಿದು ಏಳುವಾಗ ಒಬ್ಬಳಿಗೆ ಮನೆಯಿಂದ ಫೋನು ಬಂತು, ಮಗುವಿಗೆ ಜ್ವರವೆಂದು. ಅವಳು ಹೊರಟಳು. ಸಾಲಿನಲ್ಲಿ ಒಂದು ಜಾಗ ಖಾಲಿ.

"ಬಾರಲೇ," ಎಂದಳು ಮೇಸ್ತ್ರಿ ಅಕ್ಕ ನನ್ನ ಹೆಂಡತಿಗೆ. "ಕೈ ಮರ್ತಿಲ್ಲಲ್ಲ?"

"ಅದೆಂಗ ಮರೀತೈತಿ!" ಎಂದು ಹೆಂಡತಿ ಚಪ್ಪಲಿ ಬಿಟ್ಟು, ಚೂಡಿದಾರದ ಕಾಲನ್ನು ಮೊಣಕಾಲಿಗೆ ಮಡಚಿ ಇಳಿದೇಬಿಟ್ಟಳು. ಸಿಕ್ಕ ಜಾಗ ದೊಡ್ಡವ್ವನ ಪಕ್ಕದ್ದು. ನಾನು ಹಳೆಯ ಜಾಗದಲ್ಲಿ, ಬದುವಿನ ಮೇಲೆ.

ಕೈ ಮರೆತಿರಲಿಲ್ಲ ನಿಜ, ಸೊಂಟ ಮರೆತಿತ್ತು. ಹತ್ತು ಹೆಜ್ಜೆ ಚೆನ್ನಾಗಿ ಬಂದಳು. ಆಮೇಲೆ ನಡುವೆ ನಡುವೆ ಎದ್ದು ನಿಂತು ಸೊಂಟದ ಮೇಲೆ ಕೈ ಇಟ್ಟುಕೊಳ್ಳತೊಡಗಿದಳು. ಸಾಲು ಅಲ್ಲಿ ಬಾಗಲು ಶುರುವಾಯಿತು. ಆಗ ದೊಡ್ಡವ್ವನ ಕೈ, ಸಸಿಯ ಸಮೇತ, ತನ್ನ ಪಟ್ಟಿ ದಾಟಿ ಆಚೆ ಹೋಯಿತು. ಒಂದು ಸಸಿ. ಇನ್ನೆರಡು ಹೆಜ್ಜೆಗೆ ಮತ್ತೊಂದು. ಬಾಯಿ ಮಾತ್ರ ಸೊಸೆಯೊಬ್ಬಳ ಸಾರಿನ ಉಪ್ಪಿನ ಬಗ್ಗೆ ಬೈಯುತ್ತಲೇ ಇತ್ತು. ದೊಡ್ಡವ್ವನ ಆಚೆ ಪಕ್ಕದವಳು ತನ್ನ ಕೈಯನ್ನು ಇನ್ನಷ್ಟು ಅಗಲ ಮಾಡಿದಳು. ಹೆಂಡತಿ ಬಗ್ಗಿಕೊಂಡು ತನ್ನ ಮುಂದಿನ ನೀರನ್ನಷ್ಟೇ ನೋಡುತ್ತಿದ್ದಳು.

ಹತ್ತು ಜನವೂ ಕೂಡಿಯೇ ಬದು ಮುಟ್ಟಿದರು. ಹೆಂಡತಿ ಕೆಸರು ಕೈಯಲ್ಲೇ ಹಣೆ ಒರೆಸಿಕೊಂಡು, ಉಸಿರು ಬಿಡುತ್ತಾ, ಮುಖವೆಲ್ಲ ಹಿಗ್ಗಿ ನನ್ನ ಕಡೆ ನೋಡಿದಳು.

"ನೋಡಿದ್ರಾ? ಎಲ್ಲಾರ ಸಮಾ ಬಂದೆ, ಹೌದಿಲ್ಲ?"

ದೊಡ್ಡವ್ವ ಅಲ್ಲೇ ನಿಂತು ಕೈ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಹೌದು," ಎಂದೆ.